ಎಲಿಯಟ್ ಉಳಿಸಿಹೋದ ಎರಡು ಸಂಪುಟ: ಹವ್ಯಾಸಕ್ಕೆ ಬರೆದಿಟ್ಟದ್ದು ಯಾರಿಗೆ ಬೇಕು?

ಶಾಸನಗಳ ಹಿಂದೆ ಅಲೆಯುವ ಹುಚ್ಚು ಹತ್ತಿಸಿಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: "ಇಷ್ಟೆಲ್ಲ ಬರೆದಿಡ್ತೀಯಲ್ಲ, ಯಾರು ಓದ್ತಾರೆ?" ಮನೆಯವರು ಕೇಳ್ತಾರೆ, ಸ್ನೇಹಿತರು ಕೇಳ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಯಾವುದೋ ವೀರಗಲ್ಲಿನ ಫೋಟೋ ಹಿಗ್ಗಿಸಿಕೊಂಡು, ನಾಲ್ಕನೇ ಸಾಲಿನ ಸವೆದ ಅಕ್ಷರ ಪಕಾರವೋ ವಕಾರವೋ ಅಂತ ನೋಡ್ತಾ ಕೂತಾಗ ನಮಗೆ ನಾವೇ ಕೇಳಿಕೊಳ್ಳುವುದೂ ಉಂಟು. ಇದರಿಂದ ಸಂಬಳ ಬರೋದಿಲ್ಲ, ಪದವಿ ಸಿಗೋದಿಲ್ಲ, ಬಡ್ತಿಯಂತೂ ದೂರದ ಮಾತು. ರಜೆಯ ದಿನ, ಬಸ್ ಚಾರ್ಜು, ಒಂದು ಟೇಪು, ಒಂದು ನೋಟ್‌ಬುಕ್ಕು, ಇಷ್ಟೇ ಬಂಡವಾಳ. ಹಾಗೆ ಬರೆದಿಟ್ಟದ್ದಕ್ಕೆ ಬೆಲೆ ಏನು?

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಶಾಸನಾಧ್ಯಯನದ ಚರಿತ್ರೆಯನ್ನೇ ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು. ಯಾಕಂದ್ರೆ ಕರ್ನಾಟಕದಲ್ಲಿ ಶಾಸನಗಳಿಗೆ ಅಂತ ಇಲಾಖೆ, ಹುದ್ದೆ, ವಾರ್ಷಿಕ ವರದಿ ಇವೆಲ್ಲ ಬಂದದ್ದು ತಡವಾಗಿ. ಅದಕ್ಕೂ ಮೊದಲಿನ ಹಲವು ದಶಕಗಳ ಕೆಲಸದಲ್ಲಿ ದೊಡ್ಡ ಪಾಲು, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಿದ್ದವರು ಬಿಡುವಿನಲ್ಲಿ ಬರೆದಿಟ್ಟದ್ದು. ಅವರಲ್ಲಿ ಒಬ್ಬರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಿತ್ತೂರಿನಲ್ಲಿ ಸೆರೆಸಿಕ್ಕ ಹುಡುಗ

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದದ್ದು ಕನ್ನಡಿಗರಿಗೆಲ್ಲ ಗೊತ್ತು. ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಜೊತೆಗಿದ್ದ ಇಬ್ಬರು ಸಹಾಯಕರು ಸೆರೆಸಿಕ್ಕರು: ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ 21 ವರ್ಷ. ಚೆನ್ನಮ್ಮ ಇಬ್ಬರನ್ನೂ ಸರಿಯಾಗಿಯೇ ನೋಡಿಕೊಂಡಳು, ಕೆಲವು ವಾರಗಳ ನಂತರ ಬಿಡುಗಡೆಯೂ ಆಯಿತು. ಪಠ್ಯಪುಸ್ತಕಗಳಲ್ಲಿ ಎಲಿಯಟ್ ಹೆಸರು ಸಾಮಾನ್ಯವಾಗಿ ಇಷ್ಟಕ್ಕೇ ಬಂದು ಹೋಗಿಬಿಡುತ್ತದೆ. ನಮಗೆ ಬೇಕಾದ ಎಲಿಯಟ್ ಇದರ ನಂತರದವರು.

ಬಿಡುಗಡೆಯಾದ ಮೇಲೂ ಅವರು 1833ರವರೆಗೆ ಆ ಸೀಮೆಯಲ್ಲೇ ಕಂದಾಯದ ಕೆಲಸದಲ್ಲಿದ್ದರು. ಹಳ್ಳಿ ಹಳ್ಳಿ ತಿರುಗುವ ಕೆಲಸ ಅದು. ಧಾರವಾಡದ ಸುತ್ತಿನ ಸೀಮೆ ಅಂದರೆ ಗೊತ್ತಲ್ಲ, ಗುಡಿ ಇರುವ ಊರಲ್ಲೆಲ್ಲ ಒಂದು ಕಲ್ಲು, ಕಲ್ಲಿನ ಮೇಲೆ ಐವತ್ತು ಅರವತ್ತು ಸಾಲು ಬರಹ. ಮೇಲೆ ಸೂರ್ಯ ಚಂದ್ರ, ಲಿಂಗ, ಹಸು ಕರು. ಊರವರು ಎಣ್ಣೆ ಹಾಕಿ ಪೂಜೆ ಮಾಡುತ್ತಿದ್ದರು, ಇಲ್ಲವೇ ದನ ಕಟ್ಟುತ್ತಿದ್ದರು. ಏನು ಬರೆದಿದೆ ಅಂತ ಕೇಳಿದರೆ ಹೇಳಬಲ್ಲವರು ಕಡಿಮೆ. ಕಲ್ಯಾಣದ ಚಾಲುಕ್ಯರ ವಂಶಾವಳಿ ಆಗ ಯಾವ ಚರಿತ್ರೆಯ ಪುಸ್ತಕದಲ್ಲೂ ಇರಲಿಲ್ಲ. ಆರನೇ ವಿಕ್ರಮಾದಿತ್ಯ ಅರ್ಧ ಶತಮಾನ ಆಳಿದ ಅನ್ನುವ ವಿಷಯ ಕಲ್ಲುಗಳ ಮೇಲೆ ಮಾತ್ರ ಇತ್ತು.

ಎಲಿಯಟ್ ಕನ್ನಡ ಕಲಿತರು. ಸ್ಥಳೀಯ ಪಂಡಿತರ ನೆರವು ಪಡೆದು, ಕಂಡ ಕಂಡ ಕಡೆ ಶಾಸನಗಳ ನಕಲು ಬರೆಸುತ್ತಾ ಹೋದರು. ಸರ್ಕಾರ ಅವರಿಗೆ ಕೊಟ್ಟ ಕೆಲಸದಲ್ಲಿ ಇದು ಸೇರಿರಲಿಲ್ಲ. ಹೀಗೆ ಕೂಡಿಸಿದ್ದರಲ್ಲಿ ಆರಿಸಿ, 595 ಶಾಸನಗಳ ಪಾಠವನ್ನು ಎರಡು ಸಂಪುಟಗಳಲ್ಲಿ ಶುದ್ಧಪ್ರತಿ ಮಾಡಿಸಿದರು. ಅದಕ್ಕೆ ಕೊಟ್ಟ ಹೆಸರು 'ಕರ್ನಾಟಕ ದೇಶ ಇನ್‌ಸ್ಕ್ರಿಪ್ಷನ್ಸ್'. ಅದರ ಸಾರವನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 'ಹಿಂದೂ ಇನ್‌ಸ್ಕ್ರಿಪ್ಷನ್ಸ್' ಅನ್ನುವ ಲೇಖನವಾಗಿ ಪ್ರಕಟಿಸಿದರು. ಆ ಸಂಪುಟದ ವರ್ಷ 1837. ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಅಶೋಕನ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ವರ್ಷವೂ ಅದೇ. ಪ್ರಿನ್ಸೆಪ್ ಕೆಲಸ ಮಾಡುತ್ತಿದ್ದದ್ದು ಟಂಕಸಾಲೆಯಲ್ಲಿ, ಲೋಹದ ಶುದ್ಧತೆ ಪರೀಕ್ಷೆ ಮಾಡುವ ಅಧಿಕಾರಿಯಾಗಿ. ಅವರದೂ ಬಿಡುವಿನ ವೇಳೆಯ ಕೆಲಸವೇ.

ಲೇಖನ ಅಚ್ಚಾಯಿತು ಸರಿ. ಆದರೆ ಆ ಎರಡು ಸಂಪುಟ ಕೈಬರಹದಲ್ಲೇ ಉಳಿಯಿತು. ಒಂದು ಪ್ರತಿ ರಾಯಲ್ ಏಷ್ಯಾಟಿಕ್ ಸೊಸೈಟಿಗೆ, ಇನ್ನೊಂದು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿತು. ಲಂಡನ್ನಿನಲ್ಲೋ ಎಡಿನ್‌ಬರೋದಲ್ಲೋ ಹಳಗನ್ನಡ ಶಾಸನದ ಪಾಠ ತೆಗೆದು ಓದುವವರು ಆ ಕಾಲಕ್ಕೆ ಎಷ್ಟು ಜನ ಇದ್ದಾರು? "ಯಾರು ಓದ್ತಾರೆ" ಅನ್ನುವ ಪ್ರಶ್ನೆಯನ್ನು ಎಲಿಯಟ್‌ಗೆ ಕೇಳಿದ್ದರೆ ಅವರ ಬಳಿಯೂ ಉತ್ತರ ಇರುತ್ತಿರಲಿಲ್ಲ.

ಓದುಗ ಬಂದದ್ದು ತಡವಾಗಿ

ಆ ಓದುಗರ ಹೆಸರು ಜಾನ್ ಫೇತ್‌ಫುಲ್ ಫ್ಲೀಟ್. ಎಲಿಯಟ್ ಧಾರವಾಡ ಬಿಟ್ಟ 14 ವರ್ಷಕ್ಕೆ ಹುಟ್ಟಿದವರು. 1867ರಲ್ಲಿ ಮುಂಬಯಿ ಪ್ರಾಂತ್ಯದ ಸಿವಿಲ್ ಸರ್ವಿಸ್‌ಗೆ ಸೇರಿದರು. ಅವರದೂ ಕಂದಾಯ, ಶಿಕ್ಷಣ ಇಲಾಖೆಗಳ ಕೆಲಸ. ಅದರ ನಡುವೆಯೇ ಶಾಸನ ಓದಿದರು, ಸಂಗೊಳ್ಳಿ ರಾಯಣ್ಣನ ಲಾವಣಿಯಂಥ ಜನಪದ ಹಾಡುಗಳನ್ನೂ ಬರೆದುಕೊಂಡರು. 1872ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆ ಶುರುವಾದ ಮೇಲೆ ಅದರಲ್ಲಿ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಲೇಖನಮಾಲೆಯನ್ನೇ ಬರೆದರು. ಸರ್ಕಾರ ಅವರನ್ನು ಶಾಸನತಜ್ಞ ಅಂತ ನೇಮಿಸಿದ್ದು 1883ರಲ್ಲಿ. ಅಂದರೆ ಹುದ್ದೆ ಬರುವ ಮೊದಲೇ ಅವರ ಕನ್ನಡ ಶಾಸನಗಳ ಕೆಲಸ ಸಾಕಷ್ಟು ಆಗಿಹೋಗಿತ್ತು.

ಆ ಲೇಖನಗಳ ಅಡಿಟಿಪ್ಪಣಿಗಳನ್ನು ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳದೆ ಇರೋದಿಲ್ಲ. ಎಲಿಯಟ್ ಹಸ್ತಪ್ರತಿ, ಇಷ್ಟನೇ ಸಂಪುಟ, ಇಷ್ಟನೇ ಪುಟ ಅನ್ನುವ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. 1882ರಲ್ಲಿ ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬರೆದಾಗಲೂ ಅದೇ ಹಸ್ತಪ್ರತಿ ಪಕ್ಕದಲ್ಲಿತ್ತು. ಫ್ಲೀಟ್ ಅದನ್ನು ಕಣ್ಣು ಮುಚ್ಚಿ ನಂಬಿದವರಲ್ಲ. ಮೂಲ ಕಲ್ಲು ಸಿಕ್ಕ ಕಡೆ ಅದನ್ನೇ ನೋಡಿ, ಅಚ್ಚು ತೆಗೆಸಿ, ಪಾಠವನ್ನು ಹೊಸದಾಗಿ ಸಿದ್ಧಪಡಿಸಿದರು. ಮೂಲ ಕೈಗೆ ಸಿಗದ ಕಡೆ ಎಲಿಯಟ್ ಪ್ರತಿಯನ್ನೇ ಹೆಸರಿಸಿ ಆಧಾರ ಕೊಟ್ಟರು. ಸುಮಾರು 40 ವರ್ಷ ಕಪಾಟಿನಲ್ಲಿ ಕೂತಿದ್ದ ಬರಹ ಹೀಗೆ ಕೆಲಸಕ್ಕೆ ಬಂತು.

ಇದನ್ನು ಎಲಿಯಟ್ ನೋಡುವಷ್ಟು ಕಾಲ ಬದುಕಿದ್ದರು. ಮುಪ್ಪಿನಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಕೊನೆಯ ಪುಸ್ತಕವನ್ನು ಅವರು ಆ ಸ್ಥಿತಿಯಲ್ಲೇ ಹೇಳಿ ಬರೆಸಿದರು. 1887ರಲ್ಲಿ ತೀರಿಕೊಂಡರು. ಕಿತ್ತೂರಿನ ಸೆರೆಯಿಂದ ಹೊರಬಂದು 60 ವರ್ಷ ದಾಟಿದ್ದರೂ ಅವರು ಈ ಹವ್ಯಾಸ ಬಿಟ್ಟಿರಲಿಲ್ಲ.

ಹವ್ಯಾಸದ ಹಿಂದಿದ್ದ ಕೈಗಳು

ಇಲ್ಲಿಗೆ ಕತೆ ಮುಗಿಸಿದರೆ ಅದು ಅರ್ಧ ಸತ್ಯ ಆಗುತ್ತದೆ. ಇವರು ಯಾರೂ ನಮ್ಮ ನಿಮ್ಮ ಹಾಗೆ ಬಸ್ ಹತ್ತಿ ಹೋದವರಲ್ಲ. ಕುದುರೆ, ಡೇರೆ, ಜವಾನರು ಎಲ್ಲ ಇತ್ತು. ಸಾಹೇಬರು ಬಂದರು ಅಂದರೆ ಊರಿನ ಗೌಡರು, ಶಾನುಭೋಗರು ಎದ್ದು ನಿಂತು ಕಲ್ಲು ತೋರಿಸುತ್ತಿದ್ದರು. ಇನ್ನೊಂದು ಮಾತು, ಹಳೆಯ ಲಿಪಿಯನ್ನು ನಿಜಕ್ಕೂ ಓದಿದವರು ಬಹಳ ಸಲ ಬೇರೆಯವರು.

ಎಲಿಯಟ್‌ಗೂ ಹಿಂದಿನ ಕರ್ನಲ್ ಕಾಲಿನ್ ಮೆಕೆಂಜಿಯವರ ಉದಾಹರಣೆ ತೆಗೆದುಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸರ್ವೆಯ ಜವಾಬ್ದಾರಿ ಇವರಿಗೆ ಬಂತು. ನಕ್ಷೆ ಮಾಡುವುದು ಅವರ ಕೆಲಸ. ಕೈಫಿಯತ್ತು, ತಾಳೆಗರಿ, ನಾಣ್ಯ, ಶಾಸನ ಕೂಡಿಸುವುದು ಅವರ ಆಸೆ, ಅದಕ್ಕೆ ಸ್ವಂತ ಹಣವನ್ನೂ ಸುರಿದರು. 1821ರಲ್ಲಿ ಅವರು ತೀರಿಕೊಂಡಾಗ ಕೂಡಿಸಿಟ್ಟದ್ದರ ಪಟ್ಟಿಯೇ ಪೂರ್ತಿ ಆಗಿರಲಿಲ್ಲ. 1828ರಲ್ಲಿ ವಿಲ್ಸನ್ ಮಾಡಿದ ಸೂಚಿಯಲ್ಲಿ ಶಾಸನಗಳ ಸಂಖ್ಯೆಯೇ 8076. ಇಷ್ಟನ್ನು ಒಬ್ಬ ಸರ್ವೆಯರ್ ಬರೆದುಕೊಳ್ಳೋದಕ್ಕೆ ಸಾಧ್ಯವಾ? ಅವರ ಕೈ ಕಣ್ಣು ಆಗಿದ್ದವರು ಕಾವಲಿ ವೆಂಕಟ ಬೋರಯ್ಯ. 1803ರಲ್ಲಿ ಬೋರಯ್ಯ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಆ ಕೆಲಸ ಮುಂದುವರಿಸಿದರು. ಹಳಗನ್ನಡ ಶಾಸನಗಳ ಓದಿಗೆ ನೆರವಾದವರಲ್ಲಿ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮುಖ್ಯರು. ಮೆಕೆಂಜಿ ಈ ಹೆಸರುಗಳನ್ನು ಮುಚ್ಚಿಡಲಿಲ್ಲ. 1817ರಲ್ಲಿ ಗೆಳೆಯರೊಬ್ಬರಿಗೆ ತಮ್ಮ ಕೆಲಸದ ಕತೆ ಬರೆದಾಗ ಬೋರಯ್ಯನ ಋಣವನ್ನು ಬಾಯಿತುಂಬ ಒಪ್ಪಿಕೊಂಡರು. ಅದರಿಂದಾಗಿಯೇ ಇವತ್ತು ನಾವು ಆ ಹೆಸರು ಹೇಳಬಲ್ಲೆವು. ಬರೆದಿಡದೆ ಹೋದ ಇನ್ನೆಷ್ಟೋ ನಕಲುಗಾರರು, ಕಲ್ಲು ತೊಳೆದವರು, ದಾರಿ ತೋರಿಸಿದವರು ಹಾಗೇ ಅಳಿದುಹೋದರು.

ಹವ್ಯಾಸಕ್ಕೆ ಅಧಿಕಾರ ಜೊತೆಯಾದಾಗ ಏನಾಗಬಹುದು ಅನ್ನೋದಕ್ಕೂ ಎಲಿಯಟ್ ಅವರೇ ಸಾಕ್ಷಿ. ಮುಂದೆ ಅವರಿಗೆ ಗುಂಟೂರು ಸೀಮೆಗೆ ವರ್ಗವಾಯಿತು. ಅಲ್ಲಿ 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪದ ಜಾಗವನ್ನು ಅಗೆಸಿದರು. ಹೊರಬಂದ ಕೆತ್ತನೆಯ ಕಲ್ಲುಗಳು ಮದ್ರಾಸಿಗೆ ಹೋದವು, ಅಲ್ಲಿಂದ 1859ರಲ್ಲಿ ಹಡಗು ಹತ್ತಿದವು, ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಧಾರವಾಡ ಸೀಮೆಯಲ್ಲಿ ಅದೇ ವ್ಯಕ್ತಿ ಮಾಡಿದ್ದು ಪಾಠದ ನಕಲು. ಕಲ್ಲು ಊರಲ್ಲೇ ಉಳಿಯಿತು, ಓದು ಮಾತ್ರ ಪುಸ್ತಕಕ್ಕೆ ಹೋಯಿತು. ಹವ್ಯಾಸಿಗಳಾದ ನಾವು ಈ ಎರಡರಲ್ಲಿ ಯಾವ ದಾರಿ ಹಿಡಿಯಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆ ತನಿಖೆ, ಪಂಚಾಂಗ, ಮಂಜೇಶ್ವರ

ಮೈಸೂರು ಸಂಸ್ಥಾನದ ಕತೆ ಇದಕ್ಕಿಂತ ಬಹಳ ಬೇರೆ ಅಲ್ಲ. 1865ರ ಸುಮಾರಿಗೆ ಮೇಜರ್ ಡಿಕ್ಸನ್ ಅನ್ನುವ ಸೈನ್ಯಾಧಿಕಾರಿ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಅವನ್ನು ಓದಿ ಅನುವಾದ ಮಾಡುವ ಕೆಲಸ ಬಂದದ್ದು ಬೆಂಜಮಿನ್ ಲೂಯಿಸ್ ರೈಸ್ ಅವರಿಗೆ. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ. ಇದ್ದದ್ದು ಶಿಕ್ಷಣ ಇಲಾಖೆಯಲ್ಲಿ. ಶಾಲೆ ತನಿಖೆಗೆ ಕುದುರೆ ಮೇಲೆ ಹೋದಾಗ ದಾರಿಯಲ್ಲಿ ಕಂಡ ಕಲ್ಲುಗಳು ಅವರನ್ನು ಹಿಡಿದು ನಿಲ್ಲಿಸಿದವು. 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಬಂತು. ಆಮೇಲೆ ಅದೇ ಅವರ ಪೂರ್ಣಾವಧಿ ಕೆಲಸವಾಯಿತು. 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು, ಅವುಗಳಲ್ಲಿ 8869 ಶಾಸನಗಳು. ಇವತ್ತಿಗೂ ನಾವು ಯಾವ ಊರಿಗೆ ಹೊರಟರೂ ಮೊದಲು ತಿರುವಿ ಹಾಕೋದು ಅವನ್ನೇ.

ಹೆಸರು ಅಷ್ಟಾಗಿ ಕೇಳಿಬರದ ಇನ್ನೊಬ್ಬರಿದ್ದಾರೆ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ. ಮದ್ರಾಸ್ ಸರ್ಕಾರದ ಅಧಿಕಾರಿ. ಇವರ ಆಸಕ್ತಿ ಪಂಚಾಂಗದ ಲೆಕ್ಕ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಕೊಟ್ಟಿರುತ್ತಾರೆ ನೋಡಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕದ ವರ್ಷ ಏನೋ ಬಂತು. ಆದರೆ ಆ ತಿಥಿ ನಿಜಕ್ಕೂ ಆ ವಾರವೇ ಬಿದ್ದಿತ್ತಾ, ಇಂಗ್ಲಿಷ್ ತಾರೀಖು ಯಾವುದು ಅಂತ ತಿಳಿಯಲು ದೊಡ್ಡ ಲೆಕ್ಕ ಬೇಕು. ಕ್ರಿ.ಶ. 700ರಿಂದ 1799ರವರೆಗಿನ ಎಲ್ಲ ದಿನಗಳಿಗೂ ಆ ಲೆಕ್ಕವನ್ನು ಮಾಡಿ, 1922ರಲ್ಲಿ 'ಆ್ಯನ್ ಇಂಡಿಯನ್ ಎಫೆಮೆರಿಸ್' ಅನ್ನುವ ಹೆಸರಿನಲ್ಲಿ ಸಂಪುಟಗಳನ್ನು ತಂದರು. ಕಂಪ್ಯೂಟರ್ ಬರುವ ಮುಂಚೆ ನಮ್ಮ ಶಾಸನ ಸಂಪಾದಕರು ತೇದಿ ಗೊತ್ತು ಮಾಡಲು ಮೊರೆಹೋದದ್ದು ಇದಕ್ಕೇ.

ಮಂಜೇಶ್ವರದ ಗೋವಿಂದ ಪೈಗಳನ್ನು ನಾವು ಕವಿ ಅಂತ ನೆನೆಯುತ್ತೇವೆ. ಆದರೆ ತುಳುನಾಡಿನ ಅರಸು ಮನೆತನಗಳ ಬಗ್ಗೆ, ಕವಿಗಳ ಕಾಲದ ಬಗ್ಗೆ ಅವರು ಬರೆದ ಲೇಖನಗಳ ರಾಶಿ ನೋಡಿದರೆ ತಲೆ ತಿರುಗುತ್ತದೆ. ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇಲ್ಲದೆ, ಸಮುದ್ರದ ಪಕ್ಕದ ಒಂದು ಸಣ್ಣ ಊರಿನ ಮನೆಯಲ್ಲಿ ಪುಸ್ತಕಗಳ ನಡುವೆ ಕೂತು ಮಾಡಿದ ಕೆಲಸ ಅದು. ಅವರ ಕೆಲವು ನಿರ್ಣಯಗಳನ್ನು ನಂತರದವರು ಒಪ್ಪಿದ್ದಾರೆ, ಕೆಲವನ್ನು ಒಪ್ಪಿಲ್ಲ. ಒಪ್ಪದೆ ಇರೋದಕ್ಕೂ ಮೊದಲು ಯಾರಾದರೂ ಆಧಾರ ಸಮೇತ ಬರೆದಿಟ್ಟಿರಬೇಕಲ್ಲ.

ಬರಹ ಬಾಳಬೇಕಾದರೆ

ಇಷ್ಟು ಜನರ ಬರಹ ಅವರ ನಂತರವೂ ಉಪಯೋಗಕ್ಕೆ ಬಂದದ್ದು ಹೇಗೆ ಅಂತ ಯೋಚಿಸಿದರೆ ನನಗೆ ಕಾಣೋದು ನಾಲ್ಕು ಸರಳ ಅಭ್ಯಾಸಗಳು. ಪಾಂಡಿತ್ಯ ಇದ್ದರೆ ಒಳ್ಳೆಯದೇ, ಆದರೆ ಈ ನಾಲ್ಕಕ್ಕೆ ಪಾಂಡಿತ್ಯ ಬೇಕಾಗಿಲ್ಲ.

ಮೊದಲನೆಯದು ವಿಳಾಸ. ರೈಸ್ ಪ್ರತಿ ತಾಲೂಕಿನ ಶಾಸನಗಳಿಗೂ ಬೇರೆ ಬೇರೆ ಕ್ರಮಸಂಖ್ಯೆ ಕೊಟ್ಟರು. ತಾಳಗುಂದದ ಸ್ತಂಭಶಾಸನ ಅಂದರೆ ಶಿಕಾರಿಪುರ 176. ನೂರು ವರ್ಷ ದಾಟಿದರೂ ಆ ನಂಬರು ಹೇಳಿದರೆ ಸಾಕು, ಶಾಸನ ಓದುವವರಿಗೆಲ್ಲ ಅರ್ಥವಾಗುತ್ತದೆ. ನಂಬರಿನ ಜೊತೆಗೆ ಯಾವ ಹೋಬಳಿ, ಯಾವ ಊರು, ಯಾವ ಗುಡಿಯ ಯಾವ ದಿಕ್ಕು, ಕಲ್ಲಿನ ಅಳತೆ ಎಷ್ಟು ಅನ್ನುವುದು ಒಂದೆರಡು ಸಾಲಿನಲ್ಲಿ ಇರುತ್ತದೆ. ಆ ಒಂದೆರಡು ಸಾಲು ಹಿಡಿದುಕೊಂಡು ಇವತ್ತೂ ಕಲ್ಲು ಹುಡುಕಬಹುದು. ನಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿ ಚೆಂದದ ವೀರಗಲ್ಲಿನ ಫೋಟೋಗಳಿವೆ, ಊರು ಯಾವುದು ಅಂತ ಕೇಳಿದರೆ "ಆ ಕಡೆ ಹೋಗಿದ್ದಾಗ ಸಿಕ್ಕಿತ್ತು" ಅನ್ನುವ ಉತ್ತರ. ವಿಳಾಸ ಇಲ್ಲದ ಫೋಟೋ ನೋಡೋಕೆ ಚೆನ್ನ, ಚರಿತ್ರೆಗೆ ಅದರಿಂದ ಸಿಗೋದು ಕಡಿಮೆ.

ಎರಡನೆಯದು, ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಕಣ್ಣಿಂದ ನೋಡಿ ಕೈಯಲ್ಲಿ ನಕಲು ಮಾಡುವಾಗ ನಮಗೆ ಗೊತ್ತಿರುವ ಪದವನ್ನೇ ಕಲ್ಲಿನ ಮೇಲೂ ಕಾಣುವ ಅಪಾಯ ಯಾವಾಗಲೂ ಇದೆ. ೞಕಾರ ಳಕಾರವಾಗುತ್ತದೆ, ಱಕಾರ ರಕಾರವಾಗುತ್ತದೆ, ಸವೆದ ಹೆಸರಿನ ಜಾಗದಲ್ಲಿ ನಮಗೆ ಇಷ್ಟವಾದ ರಾಜನ ಹೆಸರು ಬಂದು ಕೂರುತ್ತದೆ. ಕಾಗದವನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಪದ್ಧತಿ ನೆಲೆಯೂರಿದ್ದು ಇದೇ ಕಾರಣಕ್ಕೆ. ಓದಲು ಆಗದ ಕಡೆ ಚುಕ್ಕಿ ಇಡುವುದು, ಊಹೆಯನ್ನು ಆವರಣದೊಳಗೆ ಹಾಕುವುದು ಒಣ ನಿಯಮದ ಹಾಗೆ ಕಾಣಬಹುದು. ಆದರೆ ಆ ಚುಕ್ಕಿಗಳನ್ನು ಮುಂದೆ ಬರುವವರಿಗೆ ಬಿಟ್ಟ ಜಾಗ ಅಂತ ತಿಳಿಯಬೇಕು. ತುಂಬಿಸಿಬಿಟ್ಟರೆ ಮತ್ತೆ ಯಾರೂ ಅಲ್ಲಿ ನೋಡೋದಿಲ್ಲ.

ಮೂರನೆಯದು, ಋಣ. ಯಾರು ತೋರಿಸಿದರು, ಯಾರು ಓದಿದರು, ಯಾವ ಪುಸ್ತಕದ ಪಾಠ ಅನ್ನುವುದನ್ನು ಬರೆದಿಡುವುದು. ಬೋರಯ್ಯ, ಧರ್ಮಯ್ಯನವರ ಹೆಸರು ಉಳಿದದ್ದು ಹಾಗೆ. ಶಾಸನಗಳನ್ನೇ ನೋಡಿ, ಕೊನೆಯ ಸಾಲಿನಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು ಎಷ್ಟೋ ಕಡೆ ಇರುತ್ತದೆ. ಸಾವಿರ ವರ್ಷದ ಹಿಂದಿನ ಕಲ್ಲುಕುಟಿಗನಿಗೆ ಸಿಕ್ಕ ಮರ್ಯಾದೆ, ಹೊಲದಲ್ಲಿ ಕೆಲಸ ಬಿಟ್ಟು ಬಂದು ಮುಳ್ಳುಗಿಡ ಸವರಿ ಕಲ್ಲು ತೋರಿಸಿದ ಅಜ್ಜನಿಗೂ ಸಿಗಬೇಕು. ಅವರು ಒಪ್ಪಿದರೆ ಹೆಸರು ಬರೆಯೋಣ, ಇಲ್ಲವಾದರೆ "ಊರಿನ ಹಿರಿಯರೊಬ್ಬರು" ಅಂತಾದರೂ ಬರೆಯೋಣ. ಆ ಕಲ್ಲಿಗೆ ಊರಲ್ಲಿ ಏನಂತಾರೆ, ಯಾವಾಗ ಪೂಜೆ, ಏನು ಕತೆ ಅನ್ನೋದನ್ನೂ ಕೇಳಿಕೊಳ್ಳಬೇಕು. ಕಲ್ಲಿನ ಬರಹವನ್ನು ನಾಳೆ ಇನ್ನೊಬ್ಬರು ಓದಬಹುದು, ಅಜ್ಜನ ನೆನಪು ಅಜ್ಜನ ಜೊತೆಗೇ ಹೋಗುತ್ತದೆ.

ನಾಲ್ಕನೆಯದು, ಎರಡನೇ ಪ್ರತಿ. ಎಲಿಯಟ್ ಎರಡು ಕಡೆ ಪ್ರತಿ ಇಟ್ಟರು, ಎರಡೂ ಸಾರ್ವಜನಿಕ ಸಂಸ್ಥೆಗಳು. ಮನೆಯ ಪೆಟ್ಟಿಗೆಯಲ್ಲಿ ಮಾತ್ರ ಇಟ್ಟಿದ್ದರೆ ಫ್ಲೀಟ್‌ಗೆ ಅದು ಸಿಗುತ್ತಿತ್ತೇ? ನಮ್ಮ ನಾಡಿನಲ್ಲಿ ಊರೂರಿನ ಮೇಷ್ಟ್ರುಗಳು, ವಕೀಲರು, ಶಾನುಭೋಗರು ಜೀವಮಾನವೆಲ್ಲ ಬರೆದಿಟ್ಟ ನೋಟ್‌ಬುಕ್ಕುಗಳು, ಅವರು ಹೋದ ಮೇಲೆ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗಿರುವ ಸಂಭವ ಕಡಿಮೆಯೇನಲ್ಲ. ಫೋನು, ಹಾರ್ಡ್ ಡಿಸ್ಕು ಕಾಗದಕ್ಕಿಂತ ಬೇಗ ಕೈಕೊಡುತ್ತವೆ. ಬರೆದದ್ದು ನಮ್ಮಲ್ಲಿ ಮಾತ್ರ ಇದ್ದರೆ ಅದರ ಆಯಸ್ಸು ನಮ್ಮಷ್ಟೇ.

ಕಲ್ಲಿಗೆ ಇರುವ ಸಮಯ

ಇದನ್ನೆಲ್ಲ ಈಗ ಹೇಳೋದಕ್ಕೆ ಕಾರಣ ಇದೆ. ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು. ಅದರಲ್ಲಿ ಹೆಸರಿರುವ ಹಳ್ಳಿಗಳಲ್ಲಿ ಹಲವು ಈಗ ಬಡಾವಣೆಗಳು, ಬಸ್ ಸ್ಟಾಪುಗಳು. ಊರ ಮುಂದಿನ ಹೊಲ ಅಂತ ಬರೆದಿರುವ ಕಡೆ ಅಪಾರ್ಟ್‌ಮೆಂಟ್ ಇದೆ. ಎಷ್ಟೋ ಕಲ್ಲುಗಳು ಕಾಣಿಸೋದಿಲ್ಲ. ಪಾಯಕ್ಕೆ ಹೋದವೋ, ಮಣ್ಣಡಿ ಸೇರಿದವೋ, ಚಪ್ಪಡಿಯಾದವೋ ಹೇಳುವವರಿಲ್ಲ. ಅಂಥ ಕಲ್ಲಿನ ಮಟ್ಟಿಗೆ ಆ ಮುದ್ರಿತ ಪಾಠವೇ ಈಗ ಮೂಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಒಂದು ವೀರಗಲ್ಲು ಹೊರಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಅನ್ನುವ ವೀರ ಹೋರಾಡಿ ಸತ್ತದ್ದನ್ನು ಹೇಳುತ್ತದೆ, ಪೆರ್ಬೊಳಲ್‌ನಾಡಿನ ಹೆಸರೂ ಅದರಲ್ಲಿದೆ. ಬೆಂಗಳೂರಿನ ಅತಿ ಹಳೆಯ ಶಾಸನಗಳ ಸಾಲಿಗೆ ಸೇರುವ ಈ ಕಲ್ಲು ಯಾವ ಹಳೆಯ ಸಂಪುಟದಲ್ಲೂ ಇರಲಿಲ್ಲ. ಅದು ಮತ್ತೆ ಮಣ್ಣು ಪಾಲಾಗದಂತೆ ನೋಡಿಕೊಂಡವರು ಅಲ್ಲಿನ ನಿವಾಸಿಗಳು ಮತ್ತು ಶಾಸನಗಳ ಹವ್ಯಾಸ ಇದ್ದವರು. ನೌಕರಿ ಮುಗಿಸಿ, ರಜೆ ಹಾಕಿ ಬಂದು ಮಾಡಿದ ಕೆಲಸ.

ಈಗ ಕೈಯಲ್ಲಿರುವ ಸೌಲಭ್ಯಕ್ಕೆ ರೈಸ್, ಫ್ಲೀಟ್ ಹೊಟ್ಟೆಕಿಚ್ಚು ಪಟ್ಟಾರು. ಸಂಜೆ ಓರೆ ಬೆಳಕಿನಲ್ಲೋ, ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟೋ ತೆಗೆದ ಫೋಟೋದಲ್ಲಿ ಹಗಲು ಕಾಣದ ಅಕ್ಷರ ಎದ್ದು ಬರುತ್ತದೆ. ಕಲ್ಲನ್ನು ತಂತಿ ಬ್ರಷ್‌ನಿಂದ ಉಜ್ಜುವುದು, ಆಸಿಡ್ ಹಾಕುವುದು, ಅಕ್ಷರಕ್ಕೆ ಬಣ್ಣ ತುಂಬುವುದು ಯಾವುದೂ ಬೇಕಾಗಿಲ್ಲ. ಬೇಡವೂ ಬೇಡ. ಫೋನು ಅಕ್ಷಾಂಶ ರೇಖಾಂಶವನ್ನೂ ತಾನೇ ಬರೆದುಕೊಳ್ಳುತ್ತದೆ.

ಆದರೆ ಇಲ್ಲೇ ಒಂದು ತೊಡಕಿದೆ, ಇದಕ್ಕೆ ನನಗೂ ಪೂರ್ತಿ ಸಮಾಧಾನದ ಉತ್ತರ ಸಿಕ್ಕಿಲ್ಲ. ವಿಳಾಸ ಬರೆಯಬೇಕು ಅಂತ ಮೇಲೆ ಹೇಳಿದೆ. ಆ ವಿಳಾಸವನ್ನೇ ನಿಧಿಗಳ್ಳರೂ ಓದುತ್ತಾರೆ. ಬರಹ ಇರುವ ಕಲ್ಲಿನ ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆ ಅಂತ ನಂಬಿ ಅಮಾವಾಸ್ಯೆ ರಾತ್ರಿ ಅಗೆಯುವವರು ಈಗಲೂ ಇದ್ದಾರೆ. ದಾನಶಾಸನದಲ್ಲಿ ಇರೋದು ಗುಡಿಗೆ ಬಿಟ್ಟ ಗದ್ದೆಯ ಎಲ್ಲೆ, ನಂದಾದೀಪಕ್ಕೆ ಎಣ್ಣೆ, ಸುಂಕದ ಲೆಕ್ಕ ಅಂತ ಎಷ್ಟು ಹೇಳಿದರೂ ಕೇಳೋದಿಲ್ಲ. ನಾನು ಅನುಸರಿಸುವ ದಾರಿ ಇಷ್ಟು: ಕಾಯುವವರಿರುವ ಗುಡಿಯ ಕಲ್ಲಾದರೆ ಪೂರ್ತಿ ವಿವರ ಎಲ್ಲರಿಗೂ, ಒಂಟಿ ಬಯಲಿನ ಕಲ್ಲಾದರೆ ಊರಿನ ಹೆಸರು ಎಲ್ಲರಿಗೂ, ನಿಖರ ಜಾಗ ನೋಟ್‌ಬುಕ್ಕಿನಲ್ಲಿ ಮತ್ತು ಪುರಾತತ್ತ್ವ ಇಲಾಖೆಗೆ ಬರೆದ ಪತ್ರದಲ್ಲಿ. ಜೊತೆಗೆ, ಓದಿದ್ದನ್ನು ಮೊದಲು ಆ ಊರಿನವರಿಗೇ ಹೇಳಿ ಬರುವುದು. ತಮ್ಮೂರಿನ ಹಳೆಯ ಹೆಸರು ಇದರಲ್ಲಿದೆ, ಇವನು ಊರಿನ ದನ ಕಾಯಲು ಹೋಗಿ ಸತ್ತವನು ಅಂತ ಗೊತ್ತಾದ ಮೇಲೆ ಊರವರು ಕಲ್ಲನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಬೇಲಿಗಿಂತ ಅದು ಗಟ್ಟಿ ಕಾವಲು.

ಮೊದಲ ಪ್ರಶ್ನೆಗೆ ಬರೋಣ. ಶಾಸನದ ಕೊನೆಗೆ ಬರುವ ಶಾಪಾಶಯ ನಿಮಗೆಲ್ಲ ಗೊತ್ತು. ದಾನ ಕೆಡಿಸಿದವನು ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುತ್ತಾನೆ ಅನ್ನೋದನ್ನ ನಾವು ಸ್ವಾರಸ್ಯಕ್ಕೆ ಹೇಳಿಕೊಳ್ಳುತ್ತೇವೆ. ಅದೇ ಗುಂಪಿನಲ್ಲಿ ಬರುವ ಇನ್ನೊಂದು ಶ್ಲೋಕದ ಕಡೆ ಗಮನ ಹೋಗೋದು ಕಡಿಮೆ. ಅದರ ಭಾವ ಏನಂದ್ರೆ, ದಾನ ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು. ಕೊಟ್ಟವನಿಗೆ ಸ್ವರ್ಗ, ಕಾದವನಿಗೆ ಅದಕ್ಕಿಂತ ಎತ್ತರದ ಪದವಿ.

ಕಲ್ಲು ನೆಡಿಸಿದವರು ಅರಸರು, ಸಾಮಂತರು, ಶೆಟ್ಟಿಗಳು, ಊರ ಮಹಾಜನರು. ಅವರಿಗೆ ಹಣ ಇತ್ತು, ಭೂಮಿ ಇತ್ತು. ಕಾಪಾಡುವ ಕೆಲಸಕ್ಕೆ ಅದೇನೂ ಬೇಕಾಗಿಲ್ಲ ಅಂತ ಆ ಶ್ಲೋಕ ಬರೆಸಿದವರಿಗೂ ಗೊತ್ತಿದ್ದಿರಬೇಕು. ಎಲಿಯಟ್ ಬರೆಸಿದ್ದನ್ನು ಓದಲು ಒಬ್ಬರು ಬಂದರು, 40 ವರ್ಷ ಕಳೆದ ಮೇಲೆ. ಆ ಒಬ್ಬರಿಂದ ಚಾಲುಕ್ಯರ ಚರಿತ್ರೆ ನಮ್ಮ ಕೈಗೆ ಬಂತು. ನಾವು ಬರೆದಿಡುವುದಕ್ಕೆ ಅಂಥ ಓದುಗ ಬರಲೂಬಹುದು, ಬಾರದೆಯೂ ಇರಬಹುದು. ಬಂದರೆ ಅವರ ಕೈಗೆ ಸಿಗುವ ಪುಟದಲ್ಲಿ ಊರಿನ ಹೆಸರು, ಕಲ್ಲಿನ ಅಳತೆ, ನೋಡಿದ ದಿನ, ಓದಲಾಗದ ಕಡೆ ಚುಕ್ಕಿ ಇಷ್ಟು ಸರಿಯಾಗಿ ಇರಲಿ. ಮುಂದಿನ ರಜೆಗೆ ಎಲ್ಲಿಗಾದರೂ ಹೊರಟಿದ್ದರೆ, ನಿಮ್ಮದೇ ತಾಲೂಕಿನ ಸಂಪುಟ ತೆಗೆದು ಹತ್ತು ನಂಬರು ಗುರುತು ಹಾಕಿಕೊಳ್ಳಿ. ಹತ್ತರಲ್ಲಿ ಎಷ್ಟು ಕಲ್ಲು ಇನ್ನೂ ನಿಂತಿವೆ ಅಂತ ನೋಡಿ ಬಂದು ಬರೆದಿಡಿ.